ನೀರು ಬೆರೆಸಿದ ಸ್ಪಿರಿಟ್ಟು

ಮೊನ್ನೆ ರಕ್ತಪರೀಕ್ಷೆಗೆ ಕೂತಾಗ ಲ್ಯಾಬಿನ ಹುಡುಗಿ ಸ್ಪಿರಿಟ್ಟಿನ ಹತ್ತಿಯಿಂದ ತೋಳು ಒರೆಸಿದಳು. ವಾಸನೆ ಮೂಗಿಗೆ ಬಡಿಯಿತೋ ಇಲ್ಲವೋ, ಮನಸ್ಸು ಕೊಂಡಾಪುರದ ನನ್ನ ಹಳೆಯ ಕಾಲ್ ಸೆಂಟರಿಗೆ ಓಡಿತು.

ಹೈದರಾಬಾದಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಮ್ಮಲ್ಲಿ ಜನ ಹೆಚ್ಚು, ಹೆಡ್‌ಫೋನು ಕಡಿಮೆ. ಬೆಳಗಿನ ಪಾಳಿಯವರು ಬಿಚ್ಚಿಟ್ಟದ್ದನ್ನು ಮಧ್ಯಾಹ್ನದವರು ಬಿಸಿ ಆರುವ ಮೊದಲೇ ತೊಡುತ್ತಿದ್ದರು. ಯಾರಿಗೋ ಕಿವಿ ತುರಿಸಿತು. ಹೆಡ್‌ಫೋನು ಶುದ್ಧಿ ಮಾಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಸಮಾಜಸೇವೆ ಅಂದುಕೊಳ್ಳಬೇಡಿ, ಪಕ್ಕದ ಸೀಟಿನಲ್ಲಿ ಕಲಬುರಗಿ ಕಡೆಯ ಸುಜಾತಾ ಕೂರುತ್ತಿದ್ದಳು.

ಕಂಪ್ಯೂಟರ್ ರಿಪೇರಿಯವರ ಕಪಾಟಿನಲ್ಲಿ ತೊಂಬತ್ತೊಂಬತ್ತು ಪರ್ಸೆಂಟಿನ ಸ್ಪಿರಿಟ್ಟು ಸಿಕ್ಕಿತು. ಔಷಧದಂಗಡಿಯದು ಬರೀ ಎಪ್ಪತ್ತು. ಜನ್ಮದಲ್ಲಿ ತೊಂಬತ್ತು ಮಾರ್ಕು ಕಾಣದವನಿಗೆ ಆಯ್ಕೆ ಕಷ್ಟವೇ? ದಿನವೂ ಪೂಜಾರಿಯ ಗತ್ತಿನಲ್ಲಿ ಒರೆಸಿದೆ. ಒರೆಸಿದ್ದು ಕಣ್ಣು ಮಿಟುಕಿಸುವುದರೊಳಗೆ ಆರುತ್ತಿತ್ತು. ವಾರದಲ್ಲಿ ಐದು ಜನರ ಕಿವಿ ಊದಿತು. ಸುಜಾತಾಳದ್ದಂತೂ ಟೊಮೆಟೊ. ಅವಳು ಕುರ್ಚಿಯನ್ನು ಆಚೆ ಸಾಲಿಗೆ ಎಳೆದುಕೊಂಡು ಹೋದಳು.

ಕ್ಷಮೆ ಕೇಳಲು ಬಾಟಲಿ ಸಮೇತ ಅವಳ ಮನೆಗೆ ಹೋದೆ. ನನ್ನ ಶುದ್ಧತೆಗೆ ಸಾಕ್ಷಿ ಬೇಕಲ್ಲ! ಅವಳ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಬಾಟಲಿಯ ಚೀಟಿ ಓದಿ, ಕಾಯಿಸಿ ಆರಿಸಿದ ನೀರು ತಂದು, ಎಪ್ಪತ್ತು ಪರ್ಸೆಂಟಿಗೆ ಇಳಿಯುವಂತೆ ಅಳೆದು ಬಾಟಲಿಗೆ ಸುರಿದೇಬಿಟ್ಟರು.

"ಅಯ್ಯೋ ಅಮ್ಮಾರ, ನೀರು ಹಾಕಿದ್ರ ಪವರ್ ಹೋಗ್ತೈತಲ್ರಿ!"

"ಕುಂದರ್ರಿ ತಮ್ಮಾ. ಎಣ್ಣಿ ಭಾಳ ಕಾದ್ರ ಮಿರ್ಚಿ ಭಜಿ ಏನಾಕ್ಕೈತಿ?"

"ಮ್ಯಾಲ ಕೆಂಪಗ, ಒಳಗ ಹಸಿ."

"ಹಂಗ ಇದೂ. ನಿಮ್ಮ ಖರೇ ಸ್ಪಿರಿಟ್ಟು ಕ್ರಿಮಿ ಮ್ಯಾಲಿನ ಸಿಪ್ಪಿ ಅಷ್ಟ ಗಟ್ಟಿ ಮಾಡಿ ಹಾರಿ ಹೋಗ್ತೈತಿ. ಒಳಗ ಅದು ಆರಾಮ ಕುಂತಿರ್ತೈತಿ. ನೀರಿದ್ರ ಒಳಗ ಇಳೀತೈತಿ, ಹಸಿ ಇರೋತನಕ ಕೊಲ್ತೈತಿ."

ಒಳಕೋಣೆಯಿಂದ ಸುಜಾತಾ ಕೂಗಿದಳು: "ಯವ್ವಾ, ಯಾರ್ ಬಂದಾರ? ಕೇಳವಲ್ದು!"

"ನಿನ್ನ ಕಿವಿ ಕೆಡಿಸಿದಾಂವ!"

ಮರುದಿನದಿಂದ ಅಮ್ಮಾರ ಅಳತೆಯಲ್ಲೇ ಒರೆಸಿ, ತಾನಾಗಿ ಆರುವವರೆಗೆ ಹೆಡ್‌ಫೋನುಗಳಿಗೆ ಕಾವಲು ನಿಂತೆ. ಹೊಸದಾಗಿ ಯಾರ ಕಿವಿಯೂ ಊದಲಿಲ್ಲ. ಊದಿದವು ಡಾಕ್ಟರ ಔಷಧಿಗೆ ಇಳಿದವು. ಮೂರನೆಯ ವಾರ ಕುರ್ಚಿ ವಾಪಸು ಬಂತು.

ಲ್ಯಾಬಿನ ಹುಡುಗಿ ಸೂಜಿ ಎತ್ತಿದಳು.

"ಒಂದು ನಿಮಿಷ ತಡಿಯಮ್ಮಾ, ಸ್ಪಿರಿಟ್ಟು ಆರಲಿ" ಎಂದೆ.

"ಮೀರು ಡಾಕ್ಟರಾ ಸಾರ್?" ಎಂದು ತೆಲುಗಿನಲ್ಲಿ ಕೇಳಿದಳು, ನೀವು ಡಾಕ್ಟರಾ ಅಂತ, ಬಲು ಗೌರವದಿಂದ.

ನಾನು ಎದೆಯುಬ್ಬಿಸುವಷ್ಟರಲ್ಲಿ, ಹಿಂದಿನ ಬೆಂಚಿನಲ್ಲಿ ನನ್ನ ಫೈಲು ಹಿಡಿದು ಕೂತಿದ್ದ ಸುಜಾತಾ (ಹೌದು, ಅದೇ ಸುಜಾತಾ, ಈಗ ನನ್ನ ಹೆಂಡತಿ) ಅವಳಿಗೆ ತೆಲುಗಿನಲ್ಲೊಮ್ಮೆ, ನನಗೆ ಕೇಳಲೆಂದೇ ಕನ್ನಡದಲ್ಲೊಮ್ಮೆ ಹೇಳಿದಳು: "ಡಾಕ್ಟರ್ ಅಲ್ಲವ್ವಾ, ಸೂಜಿಗೆ ಅಂಜಾಕತ್ತಾರ. ಚುಚ್ಚು!"