ಅವ್ವನ ಪರವಾಗಿ ನಾನು ಕೊಟ್ಟ ಉತ್ತರ

ಗರ್ಭಕೋಶದ ಆಪರೇಷನ್ನಿಗೆಂದು ಅವ್ವನನ್ನು ಧಾರವಾಡದಿಂದ ಮುಂಬಯಿಯ ಕಾಂದಿವಲಿಗೆ ಕರೆಸಿಕೊಂಡವಳು ನಾನೇ. ಅವಳಿಗೆ ಹಿಂದಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ಕಿವಿ, ಬಾಯಿ ಎರಡೂ ನಾನೇ. ಆ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದು ಹಿಂದಿಯಲ್ಲಿ ಎರಡು ದಾರಿ ಹೇಳಿದರು. ಒಂದು, ಬೆನ್ನಿಗೆ ಸೂಜಿ ಹಾಕಿ ಕೆಳಗಿನ ಮೈ ಮರಗಟ್ಟಿಸುವುದು. ಅದರಲ್ಲೇ ನೋವಿನ ಔಷಧಿಯನ್ನೂ ಬೆರೆಸಿದರೆ ಮರುದಿನದವರೆಗೆ ಗಾಯ ಅಷ್ಟಾಗಿ ನೋಯುವುದಿಲ್ಲ; ಮೈ ತುರಿಸಬಹುದು, ವಾಂತಿ ಬರಬಹುದು, ಅಷ್ಟೇ. ಇನ್ನೊಂದು, ಪೂರ್ತಿ ನಿದ್ದೆ ಮಾಡಿಸುವುದು, ಎಚ್ಚರವಾದ ಮೇಲೆ ನೋವಿಗೆ ಸಲೈನಿನಲ್ಲಿ ಔಷಧಿ. "ಇವರಿಗೆ ಮೊದಲನೆಯದೇ ಒಳ್ಳೆಯದು. ಆದರೂ ಅವರನ್ನೇ ಕೇಳಿ," ಎಂದರು.

ನಾನು ಕೇಳಲಿಲ್ಲ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವು ಎಂದು ನಮ್ಮ ಬಿಲ್ಡಿಂಗಿನ ಹೆಂಗಸರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಅದು ತಪ್ಪು ತಿಳಿವಳಿಕೆ ಎಂದು ಡಾಕ್ಟರು ಹೇಳಿದರೂ ನನ್ನ ಹಟ ನನಗೆ. "ನೀಂದ್ ವಾಲಾ ಹೀ ದೀಜಿಯೇ," ನಿದ್ದೆಯದನ್ನೇ ಕೊಡಿ ಎಂದುಬಿಟ್ಟೆ. ಏನಂದರು ಎಂದು ಅವ್ವ ಕೇಳಿದಳು. "ಏನಿಲ್ಲ, ನಾಳೆ ಮುಂಜಾನಿ ಏನೂ ತಿನ್ನಬ್ಯಾಡ ಅಂದ್ರು," ಎಂದೆ. ಒಪ್ಪಿಗೆ ಪತ್ರದಲ್ಲಿ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವಳು ಸಹಿ ಹಾಕಿದಳು.

ಆಪರೇಷನ್ ಮುಗಿಸಿ ವಾರ್ಡಿಗೆ ತಂದಾಗ ಅವ್ವ ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಅವಳು ನರಳಿದ್ದನ್ನು ಅದುವರೆಗೆ ನಾನು ಕೇಳಿಯೇ ಇರಲಿಲ್ಲ. ಪಕ್ಕದ ಮಂಚದ ಮರಾಠಿ ಅಜ್ಜಿಗೂ ಅವತ್ತೇ, ಅದೇ ಆಪರೇಷನ್. ಬೆನ್ನಿನ ಸೂಜಿ ಹಾಕಿಸಿಕೊಂಡಿದ್ದಳು. ಅವಳು ಮೂಗು ತುರಿಸಿಕೊಳ್ಳುತ್ತ ಆರಾಮಾಗಿ ಸೊಸೆಯನ್ನು ಬೈಯುತ್ತಿದ್ದಳು. ಸಲೈನಿನ ಔಷಧಿ ಸಾಲದೆ ಡಾಕ್ಟರು ಮತ್ತೆ ಬಂದು, ನರ ಮರಗಟ್ಟಿಸುವ ಇಂಜೆಕ್ಷನ್ನನ್ನು ಅವ್ವನ ಹೊಟ್ಟೆಯ ಎರಡೂ ಬದಿಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ಅವಳ ಮುಷ್ಟಿ ಸಡಿಲಾಯಿತು.

ಮರುದಿನ ಅವ್ವನೆದುರು ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಬೆನ್ನಿನ ಸೂಜಿ ನನಗೇನು ಹೊಸಾದಲ್ಲ," ಎಂದಳು ಅವ್ವ. "ನೀ ಹುಟ್ಟೂ ಮುಂದ ಅದನ್ನ ಹಾಕಿದ್ರು. ಹೊಟ್ಟಿ ಕೊಯ್ದಿದ್ದೂ ಗೊತ್ತಾಗಲಿಲ್ಲ. ನೀ ಅತ್ತದ್ದು ಕೇಳಿಸ್ಕೊಂತ ಮಲಗಿದ್ನಿ. ಬೆನ್ನು ಇವತ್ತಿಗೂ ಗಟ್ಟಿ ಅದ."

ನನ್ನನ್ನು ಆಪರೇಷನ್ ಮಾಡಿ ತೆಗೆದರೆಂದು ಗೊತ್ತಿತ್ತು. ಅದು ಹೇಗಿತ್ತು ಎಂದು ನಲವತ್ತು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ.

"ಅವ್ವಾ, ಮತ್ತ ಮೊದಲ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ?"