ಅವನ ಕೈಯ ಚಾ

ಮೇಡಂ ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರೆ ಅವರ ಪಾದದ ಮೇಲೆ ಪಟ್ಟಿಯ ಗುರುತು ಹಾಗೇ ಉಳಿದಿರುತ್ತಿತ್ತು. ಬಸ್ಸಿನಲ್ಲಿ ನಿಂತು ನಿಂತು ಊದಿಕೊಂಡ ಪಾದ. ನಾನು ಹೊಲಿಗೆ ಮಷೀನಿನ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದರಿಂದ ಮುಖಕ್ಕಿಂತ ಮೊದಲು ನನಗೆ ಕಾಣುತ್ತಿದ್ದದ್ದು ಅದೇ. ಗೋಡೆಗೆ ಒರಗಿ, ಕಾಲು ಚಾಚಿ, "ಉಸ್ಸಪ್ಪಾ" ಎಂದು ಕೂತು ನನ್ನ ತಮ್ಮನನ್ನು ಕರೆಯುತ್ತಿದ್ದರು. "ಬಾರಪ್ಪ, ಒಂದು ಲೋಟ ಚಾ ಮಾಡ್ಕೊಂಡು ಬಾ. ನೀನೇ ಮಾಡ್ಬೇಕು ಮತ್ತೆ."

ಅವರು ಬಾಲ ನ್ಯಾಯ ಮಂಡಳಿಯ ಕಡೆಯಿಂದ ಬರುತ್ತಿದ್ದ ಅಧಿಕಾರಿ. ನನ್ನ ತಮ್ಮ ಹದಿನಾರಕ್ಕೇ ಗಾಂಜಾ ಕಲಿತು, ಅದರ ಖರ್ಚಿಗೆ ಗೆಳೆಯರ ಜೊತೆ ಸವಳಂಗದ ಹೊಲಗಳಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ಮಾರಿ ಸಿಕ್ಕಿಬಿದ್ದಿದ್ದ. ಮಂಡಳಿಯವರು ಅವನನ್ನು ಮನೆಗೇ ಕಳಿಸಿ, ಮೇಡಂ ಒಂದು ಕಣ್ಣಿಟ್ಟಿರಲಿ ಎಂದಿದ್ದರು. ಇನ್ನೊಮ್ಮೆ ಸಿಕ್ಕರೆ ಮನೆಯಲ್ಲಿರುವ ಮಾತೇ ಇಲ್ಲ.

ಆ ಚಾ ಮಾಡಿಸುವುದೆಂದರೆ ನಮ್ಮ ಅವ್ವನಿಗೆ ಮೈಯೆಲ್ಲ ಉರಿ. ಹಿತ್ತಾಳೆ ಪಾತ್ರೆಗಳೆಲ್ಲ ತಮ್ಮನ ಕೈಯಿಂದ ಗುಜರಿ ಸೇರಿದ ಮೇಲೆ ಅವಳು ಅಡುಗೆಮನೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಮೇಡಂ ಬಂದಾಗ ಮುಖ ಗಂಟಿಕ್ಕಿಕೊಂಡು ಬೀಗ ತೆಗೆದು, ಅವನು ಚಾ ಸೋಸುವ ತನಕ ಬಾಗಿಲಲ್ಲೇ ಕಾವಲು ನಿಲ್ಲುತ್ತಿದ್ದಳು. ಅವನ ಚಾ ಎಂದರೆ ಕಲಗಚ್ಚು. ಎಮ್ಮೆಯೂ ಮೂಸುತ್ತಿರಲಿಲ್ಲ. ಮೇಡಂ ಮಾತ್ರ ಲೋಟ ಕೆಳಗಿಡದೆ ಕುಡಿದು ಮುಗಿಸುತ್ತಿದ್ದರು.

"ಇದ್ಯಾಕ್ರಿ ಮೇಡಂ ಈ ಶಿಕ್ಷೆ ನಿಮಗೆ?" ಎಂದು ಒಮ್ಮೆ ಕೇಳಿದೆ.

"ಗಾಂಜಾ ಮಾರೋನು ಇವನ್ನ ನಂಬ್ತಾನೆ ಕಣವ್ವ. ಮನೆಯೋರು ನಂಬಲ್ಲ. ಹುಡುಗ ಯಾರ ಹತ್ರ ಹೋಗ್ಬೇಕು ನೀನೇ ಹೇಳು," ಎಂದರು.

ಅವ್ವನಿಗೆ ತನ್ನದೇ ದಾರಿ ಇತ್ತು. ಒಂದು ಸೋಮವಾರ ತಮ್ಮನಿಗೆ ತಲೆಗೆ ನೀರು ಹಾಕಿಸಿ, ಮನೆದೇವರ ದೀಪದ ಮುಂದೆ ಕೂರಿಸಿ, ತನ್ನ ತಲೆ ಮೇಲೆ ಅವನ ಕೈ ಇಡಿಸಿಕೊಂಡು, ಇನ್ನು ಮುಟ್ಟಲ್ಲ ಅಂತ ಆಣೆ ಮಾಡಿಸಿದಳು. ನಮ್ಮ ಕಡೆ ಕುಡುಕರಿಗೂ ಜೂಜುಕೋರರಿಗೂ ಮಾಡಿಸುವುದು ಇದನ್ನೇ. ಸ್ವಲ್ಪ ದಿನ ಅವನು ಸರಿಯಿದ್ದ, ಆಮೇಲೆ ತಪ್ಪಿದ. ಅದೇ ವಾರ ಅವ್ವ ಜ್ವರ ಬಂದು ಮಲಗಿದಳು. "ತಾಯಿ ತಲೆ ಮ್ಯಾಗಿನ ಆಣೆ ಮುರಿದ್ರೆ ಇನ್ನೇನಾಗ್ತೈತೆ?" ಎಂದು ಪಕ್ಕದ ಮನೆಯ ಅಜ್ಜಿ ಅವನ ಮುಖದ ಮುಂದೆಯೇ ಅಂದುಬಿಟ್ಟಿತು. ಅವತ್ತು ಹೊರಗೆ ಹೋದ ತಮ್ಮ ಮರಳಲಿಲ್ಲ.

ಮೇಡಂ ಅವನನ್ನು ಹುಡುಕಿದ್ದು ಸೂಳೆಕೆರೆಯ ಏರಿಯ ಹತ್ತಿರ, ಮೀನು ಹಿಡಿಯುವವರ ಗುಡಿಸಲ ಬಳಿ. ಬಸ್ಸಿನಲ್ಲಿ ಪಕ್ಕ ಕೂರಿಸಿಕೊಂಡು ಕರೆತಂದರು. ಅವನು ಒಳಗೆ ಬರಲೊಲ್ಲ. "ನಾನು ಬಂದ್ರೆ ಅವ್ವ ಸಾಯ್ತಾಳೆ," ಎಂದು ಹೊಸ್ತಿಲಾಚೆಯೇ ನಿಂತುಬಿಟ್ಟ.

"ಅಕ್ಕಾರೆ, ಹಾಕಿಸಿದ ಆಣೆ ವಾಪಸ್ ತಗೊಳ್ರಿ," ಎಂದರು ಮೇಡಂ, ಒಳಗೆ ಮಲಗಿದ್ದ ಅವ್ವನಿಗೆ.

"ಆಣೆ ಅಂದ್ರೆ ಹುಡುಗಾಟ ಏನ್ರಿ?"

"ಅವ ಗಾಂಜಾ ಬಿಡ್ಲಿ ಅಂತ ಹಾಕಿಸಿದ್ರಿ. ಈಗ ಮನೀನೇ ಬಿಟ್ಟಾನೆ. ನಂಗೂ ಸಾಕಾಗೈತ್ರಿ, ಇನ್ನೊಂದು ಸಲ ಹುಡುಕಾಕೆ ನನ್ ಕಾಲಾಗೆ ಶಕ್ತಿ ಇಲ್ಲ."

ಅವ್ವ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗಿ, ಸೊಂಟದ ಕೀಲಿ ತೆಗೆದು ಅವನ ಕೈಯಲ್ಲಿಟ್ಟಳು. "ನನ್ನಾಣೆ ನಾನೇ ಬಿಟ್ಟೀನಿ. ಹೋಗು, ನಂಗೂ ಒಂದು ಲೋಟ ಚಾ ಮಾಡು." ನಾನು ಮಷೀನಿನ ಮೇಲೆ ಮುಖವಿಟ್ಟು ಅತ್ತೆ. ಹೊರಡುವಾಗ ಮೇಡಂ ತಮ್ಮನಿಗೆ ಹೇಳಿದ್ದು ಇಷ್ಟೇ: "ಮತ್ತೆ ತಪ್ಪಿದ್ರೆ ನೀನೇ ಹೇಳು. ಬ್ಯಾರೆಯೋರು ಹೇಳಿ ನಂಗೆ ಗೊತ್ತಾಗೋದು ಬ್ಯಾಡ."

ಅವನು ತಪ್ಪಿದ, ಹೇಳಿದ, ಮತ್ತೆ ತಪ್ಪಿದ. ಫೋನಿನ ಆ ಕಡೆ ಮೇಡಂ ಜಗಳೂರಿನ ಬಸ್ಸಿನಲ್ಲೋ ಹೊನ್ನಾಳಿಯ ಬಸ್ಸಿನಲ್ಲೋ ಇರುತ್ತಿದ್ದರು. "ಹೇಳಿದ್ಯಲ್ಲ, ಒಳ್ಳೇದಾತು. ಉಂಡು ಮಲ್ಕೊ, ನಾಳೆ ಕೆಲಸಕ್ಕೆ ಹೋಗು." ಈಗ ಅವನು ನ್ಯಾಮತಿಯಲ್ಲಿ ವೆಲ್ಡಿಂಗ್ ಅಂಗಡಿಗೆ ಹೋಗುತ್ತಾನೆ. ಪೂರ್ತಿ ಗೆದ್ದ ಎಂದು ಎದೆ ತಟ್ಟಿ ಹೇಳಲು ನನಗೆ ಈಗಲೂ ಧೈರ್ಯವಿಲ್ಲ.

ಮೇಡಂ ನೋಡಿಕೊಳ್ಳುತ್ತಿದ್ದ ಹುಡುಗರೆಲ್ಲರೂ ಅಷ್ಟಾದರೂ ಉಳಿಯಲಿಲ್ಲ. ಚನ್ನಗಿರಿ ಕಡೆಯ ಒಬ್ಬ ಹುಡುಗ ತೀರಿಕೊಂಡ ಮರುದಿನ ಮೇಡಂ ನಮ್ಮಲ್ಲಿಗೆ ಬಂದಿದ್ದರು. ಲೋಟದ ಚಾ ಕೆನೆಗಟ್ಟಿತು, ಅವರು ಕುಡಿಯಲಿಲ್ಲ. "ಸುಸ್ತಾಗೈತೆ ಕಣವ್ವ. ಹಂಗಂತ ನಾಳೆ ಜಗಳೂರಿಗೆ ಹೋಗದೆ ಇರಾಕೆ ಆಗ್ತೈತಾ?" ಎಂದು ತಣ್ಣಗಾದ ಚಾ ಒಂದೇ ಗುಟುಕಿಗೆ ಕುಡಿದು ಎದ್ದರು.

ಹೋದ ವರ್ಷ ಮೇಡಂ ತೀರಿಕೊಂಡರು. ನಮಗೆ ತಿಳಿಯುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಾವು ಮೂವರೂ ಅವರ ಮನೆಗೆ ಹೋದಾಗ ಇದ್ದದ್ದು ಅವರ ತಂಗಿ. ಬಂದವರಿಗೆ ಚಾ ಕೊಡಲು ಅವರು ಏಳಹೋದರೆ ತಮ್ಮ ತಡೆದ. "ನೀವು ಕೂತ್ಕೊಳ್ರಿ ಅಮ್ಮಾ, ನಾನು ಮಾಡ್ತೀನಿ."

ಅವರು ದಣಿದ ಕಣ್ಣಲ್ಲೇ ಸಣ್ಣಗೆ ನಕ್ಕರು. "ಹೋಗಪ್ಪ, ಒಳಗೆ ಜಾಗ ಇದ್ರೆ."

ಅಡುಗೆಮನೆಯಲ್ಲಿ ಆಗಲೇ ಇಬ್ಬರು ಹುಡುಗರಿದ್ದರು, ಒಬ್ಬ ಜಗಳೂರಿನವನು, ಇನ್ನೊಬ್ಬ ಹೊನ್ನಾಳಿಯವನು. ಒಬ್ಬ ಹಾಲು ಕಾಯಿಸುತ್ತಿದ್ದ, ಇನ್ನೊಬ್ಬ ಲೋಟ ತೊಳೆಯುತ್ತಿದ್ದ. "ಮೇಡಂ ನಿಮ್ಮನಿಯಾಗೂ ಚಾ ಮಾಡಿಸ್ತಿದ್ರಾ?" ಎಂದು ತಮ್ಮ ಕೇಳಿದ್ದು ನಮಗೆ ಹೊರಗೆ ಕೇಳಿಸಿತು. ಅವರಿಬ್ಬರೂ ಜರುಗಿ ಅವನಿಗೂ ಜಾಗ ಬಿಟ್ಟರಂತೆ.

ಚಾ ಬಂತು. ಹುಡುಗರು ಮೂವರೂ ಒಬ್ಬರಿಗೊಬ್ಬರು ಹೇಳದೆ ಸಕ್ಕರೆ ಹಾಕಿದ್ದರೋ ಏನೋ, ತುಟಿ ಅಂಟುವಷ್ಟು ಸಿಹಿ. ನಾವು ಯಾರೂ ಲೋಟ ಕೆಳಗಿಡಲಿಲ್ಲ.