ರಂಗೋಲಿ ಕೈಗೆ ಸಿಕ್ಕ ಚೌಕಗಳು

"ಅವ್ವಾ, ಕಿಟಕಿ" ಅಂತ ಮಗಳು ನಾಲ್ಕನೇ ಸಲ ಸೆರಗು ಎಳೆದಳು. ಬಸ್ಸಿನಲ್ಲೂ ಈ ಹುಡುಗಿ ನನ್ನನ್ನು ಎರಡು ನಿಮಿಷ ಸುಮ್ಮನೆ ಬಿಡುವುದಿಲ್ಲ. ಅದೂ ಪಕ್ಕದಲ್ಲಿ ಕೂತಿದ್ದ ರಿಟೈರಾದ ಟೀಚರು ತಮ್ಮ ಒಗಟಿನ ಪುಸ್ತಕ, ಪೆನ್ಸಿಲ್ಲು ಕೊಟ್ಟು, "ಹೊಸಪೇಟಿ ಬರೋದ್ರಾಗ ಇದೊಂದು ಬಿಡಿಸ್ರಿ, ಪುಸ್ತಕ ನಿಮಗ" ಅಂದಿದ್ದಾಗ! ಹತ್ತನೇ ಕ್ಲಾಸಾದ ಮೇಲೆ ನನ್ನ ಕೈಗೆ ಯಾರೂ ಪುಸ್ತಕ ಕೊಟ್ಟಿರಲಿಲ್ಲ. ಇದನ್ನು ಬಿಡುವ ಮಾತೇ ಇರಲಿಲ್ಲ.

ಐದು ಸಾಲು, ಸಾಲಿಗೆ ಐದು ಚೌಕದ ಮನೆ. ಸಾಲಿನ ಪಕ್ಕ ಮೂರು ಅಂತಿದ್ದರೆ ಅದರಲ್ಲಿ ಒತ್ತಾಗಿ ಮೂರು ಮನೆ ಕಪ್ಪು ಮಾಡಬೇಕು. ಮೇಲೆ ಬರೆದ ಅಂಕಿಗಳು ಮೇಲಿಂದ ಕೆಳಗಿಳಿಯುವ ಸಾಲುಗಳಿಗೆ; ಎರಡೂ ಹೊಂದಿದರೆ ಒಂದು ಚಿತ್ರ ಮೂಡುತ್ತದೆ. ನಾನು ದಿನಾ ರಂಗೋಲಿ ಹಾಕುವವಳು. ಎರಡೂ ಬದಿ ಸಮ ಇರಲಿ ಅಂತ ನಡುವಿನ ಮೂರನ್ನು ಬಳಿದೆ.

"ಅಲ್ಲೇ ಅಂತ ಯಾರು ಹೇಳಿದ್ರು? ಮೂರನ್ನ ಎಡಕ್ಕ ಸರಿಸ್ರಿ, ಬಲಕ್ಕ ಸರಿಸ್ರಿ, ನಟ್ಟನಡುವಿನ ಮನಿ ಹೆಂಗಿದ್ರೂ ತುಂಬತೈತಿ. ಅದೊಂದೇ ಖಾತ್ರಿ. ಉಳಿದದ್ದನ್ನ ಮೇಲಿನ ಅಂಕಿ ಹೇಳಬೇಕು" ಅಂದ ಟೀಚರು ಎರಡು ಮನೆ ಅಳಿಸಿದರು.

"ಹಂಗಾರ ಅವೆರಡು ತಪ್ಪೇನ್ರಿ?"

"ತಪ್ಪಂತ ಎಲ್ಲಿ ಹೇಳಿದೆ? ಇನ್ನೂ ಗೊತ್ತಿಲ್ಲ ಅಂದೆ."

ತಪ್ಪಲ್ಲದ್ದನ್ನೂ ಅಳಿಸುವ ಟೀಚರನ್ನು ನಾನು ಅವತ್ತೇ ನೋಡಿದ್ದು. ತಲೆ ಗಿರ್ರೆಂದಿತು. ಮೇಲೆ ನೋಡಿ, ಪಕ್ಕ ನೋಡಿ, ಬಳಿದು ಅಳಿಸಿ, ಕೊನೆಗೆ ಬಾತುಕೋಳಿಯಂಥದ್ದೊಂದು ಮೂಡಿತು. ಉಳಿದ ಒಂದು ಮನೆಯನ್ನು ಅಂಕಿ ನೋಡದೆ, ಕೊಕ್ಕು ಇಲ್ಲೇ ಇರಬೇಕಲ್ಲ ಅಂತ ಬಳಿದುಬಿಟ್ಟೆ.

ಬಸ್ಸು ಹೊಸಪೇಟೆ ಸ್ಟ್ಯಾಂಡಿನೊಳಗೆ ತಿರುಗಿತು. ನಾನು ಪುಸ್ತಕವನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ ಟೀಚರು ಆ ಕೊಕ್ಕಿನ ಮೇಲೆಯೇ ಬೆರಳಿಟ್ಟರು.

"ಎಲ್ಲಾ ಸರಿ ಐತಿ. ಆದ್ರ ಈ ಮನಿ ತುಂಬಬೇಕಂತ ನಿಮಗ ಹೆಂಗ ಖಾತ್ರಿ ಆತು?"